ತಪಸ್ಕಾಲದಲ್ಲಿ ಕವಿತೆ, ಚಿತ್ರ, ಹಾಡು: ದೇವಶಾಸ್ತ್ರ ಓದುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರು, ಮಂಗಳೂರಿನ ದೇವಶಾಸ್ತ್ರ ಕಾಲೇಜುಗಳಲ್ಲಿ ಬಿ.ಡಿ., ಎಂ.ಟಿಎಚ್., ಪಿಎಚ್.ಡಿ. ಓದುವವರು, ಅವರ ಜತೆ ಕ್ಯಾಂಪಸ್ಸಿನಲ್ಲೇ ಇರುವ ಮನೆಯವರು, ಲೆಂಟ್ (ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲ, ಅದೇ ತಪಸ್ಕಾಲ) ಹತ್ತಿರ ಬಂತೆಂದರೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಅವನ್ನೆಲ್ಲ ಒಂದು ಕಡೆ ಸೇರಿಸಿದ್ದೇನೆ. ಲೆಂಟ್‌ನಲ್ಲಿ ಒಟ್ಟಾಗಿ ಕವಿತೆ ಬರೆಯುವುದು, ಚಿತ್ರ ಬಿಡಿಸುವುದು, ಹಾಡುವುದು, ಇದರ ಬಗ್ಗೆ ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ. ಕೈಯಿಂದ ಏನಾದರೂ ಮಾಡುವುದೂ ಪ್ರಾರ್ಥನೆಯೇ. ದಿನವಿಡೀ ದೇವರ ಬಗ್ಗೆ ಓದಿ, ಬರೆದು, ವಾದ ಮಾಡಿ ಸುಸ್ತಾದವರಿಗೆ ಆ ಪ್ರಾರ್ಥನೆ ಉಳಿದವರಿಗಿಂತ ಜಾಸ್ತಿ ಬೇಕು.

ಲೆಂಟ್ ಎಷ್ಟು ದಿನ? ತಾರೀಖು ಪ್ರತಿ ವರ್ಷ ಯಾಕೆ ಬದಲಾಗುತ್ತದೆ?

ಬೂದಿ ಬುಧವಾರದಿಂದ ಈಸ್ಟರ್ ಹಿಂದಿನ ಶನಿವಾರದ ತನಕ ಎಣಿಸಿದರೆ 46 ದಿನ. ಭಾನುವಾರ ಪುನರುತ್ಥಾನದ ದಿನ, ಅದನ್ನು ಉಪವಾಸದ ಲೆಕ್ಕಕ್ಕೆ ಹಿಡಿಯುವುದಿಲ್ಲ, ಹಾಗಾಗಿ 40. ಮಾರ್ಚ್ 21 ಅಥವಾ ಅದರ ನಂತರದ ಹುಣ್ಣಿಮೆ ಕಳೆದು ಬರುವ ಮೊದಲ ಭಾನುವಾರ ಈಸ್ಟರ್. ಚಂದ್ರನ ಲೆಕ್ಕ ಸೇರಿರುವುದರಿಂದ ತಾರೀಖು ಹಿಂದೆ ಮುಂದೆ ಆಗುತ್ತದೆ. 2026ರಲ್ಲಿ ಬೂದಿ ಬುಧವಾರ ಫೆಬ್ರವರಿ 18, ಈಸ್ಟರ್ ಏಪ್ರಿಲ್ 5. 2027ರಲ್ಲಿ ಫೆಬ್ರವರಿ 10 ಮತ್ತು ಮಾರ್ಚ್ 28. ಕೇರಳದ ಸುರಿಯಾನಿ ಸಭೆಗಳಿಂದ ಬಂದ ಸಹಪಾಠಿಗಳು ಬೂದಿ ಬುಧವಾರ ಆಚರಿಸುವುದಿಲ್ಲ, ಅವರ ಐವತ್ತು ನೋಂಬು, ಅಂದರೆ ಐವತ್ತು ದಿನದ ಉಪವಾಸ, ಅದಕ್ಕೂ ಮೊದಲಿನ ಸೋಮವಾರವೇ ಶುರುವಾಗಿರುತ್ತದೆ.

ನಾವು ಪ್ರೊಟೆಸ್ಟೆಂಟರು. ನಮಗೆ ಲೆಂಟ್ ಯಾಕೆ?

ಮಂಗಳೂರು ಕಡೆಯವರು ಈ ಪ್ರಶ್ನೆ ಕೇಳಿದಾಗ ಅದರ ಹಿಂದೆ ಒಂದು ಇತಿಹಾಸ ಇದೆ ಅನ್ನುವುದು ಗೊತ್ತಿರಲಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಸ್ವಿಟ್ಜರ್ಲೆಂಡಿನದು. ಅದೇ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ 1522ರ ಲೆಂಟ್ ಸಮಯದಲ್ಲಿ ಫ್ರೋಷೌವರ್ ಎಂಬ ಮುದ್ರಕನ ಮನೆಯಲ್ಲಿ ಕೆಲವರು ಲೆಂಟ್‌ನಲ್ಲಿ ನಿಷೇಧವಿದ್ದ ಮಾಂಸದ ಸಾಸೇಜ್ ತಿಂದರು. ಪ್ರೆಸ್ಸಿನಲ್ಲಿ ಹಗಲು ರಾತ್ರಿ ದುಡಿಯುತ್ತಿರುವ ಕೆಲಸಗಾರರಿಗೆ ಬರೀ ಗಂಜಿ ಸಾಲದು ಅನ್ನುವುದು ಅವನ ಸಮರ್ಥನೆ. ಅಲ್ಲೇ ಇದ್ದ ಜ್ಯೂರಿಕ್‌ನ ಪಾದ್ರಿ ಜ್ವಿಂಗ್ಲಿ ತಾನು ತಿನ್ನಲಿಲ್ಲ, ಆದರೆ ಸ್ವಲ್ಪ ದಿನದಲ್ಲೇ ಊಟದ ವಿಷಯದಲ್ಲಿ ಕ್ರೈಸ್ತನಿಗಿರುವ ಸ್ವಾತಂತ್ರ್ಯದ ಬಗ್ಗೆ ಪ್ರಸಂಗ ಮಾಡಿದರು. ಸ್ವಿಸ್ ಸುಧಾರಣೆಗೆ, ಅಂದರೆ ಅಲ್ಲಿ ಪ್ರೊಟೆಸ್ಟೆಂಟ್ ಸಭೆಗಳು ಹುಟ್ಟಿದ ಚಳವಳಿಗೆ, ದೊಡ್ಡ ಕಿಡಿ ಹತ್ತಿದ್ದು ಅಲ್ಲಿಂದ.

ಜ್ವಿಂಗ್ಲಿ ಹೇಳಿದ್ದನ್ನು ಸರಿಯಾಗಿ ಓದಿ. ಉಪವಾಸ ಮಾಡಬೇಕೆಂದರೆ ಮಾಡು, ಆದರೆ ಇನ್ನೊಬ್ಬರ ಮೇಲೆ ಅದನ್ನು ಕಾನೂನಿನಂತೆ ಹೇರಬೇಡ ಅನ್ನುವುದು ಅವರ ವಾದ. ಅಂದರೆ ಬಿಡುವ ಸ್ವಾತಂತ್ರ್ಯ ಇದ್ದ ಹಾಗೆ ಹಿಡಿಯುವ ಸ್ವಾತಂತ್ರ್ಯವೂ ಇದೆ. ಯಾರೂ ಬಲವಂತ ಮಾಡದೆ ನೀವೇ ಇಷ್ಟಪಟ್ಟು 40 ದಿನ ಒಂದು ಶಿಸ್ತು ಇಟ್ಟುಕೊಂಡರೆ, ಸುಧಾರಕರಿಗೆ ಬೇಸರ ಆಗುವ ಕೆಲಸ ನೀವೇನೂ ಮಾಡಿದಂತಾಗುವುದಿಲ್ಲ.

ಥೀಸಿಸ್, ಪರೀಕ್ಷೆ ಎಲ್ಲ ಇದೇ ತಿಂಗಳುಗಳಲ್ಲಿ. ಚಿತ್ರ ಬರೆಯುತ್ತಾ ಕೂರುವುದಕ್ಕೆ ಟೈಮ್ ಎಲ್ಲಿದೆ?

ಇದೇ ಮುಖ್ಯವಾದ ಪ್ರಶ್ನೆ, ಸ್ವಲ್ಪ ಉದ್ದ ಉತ್ತರ ಕೊಡುತ್ತೇನೆ.

ದೇವಶಾಸ್ತ್ರ ಓದುವವರಿಗೆ ಒಂದು ಕಷ್ಟ ಇದೆ, ಹೊರಗಿನವರಿಗೆ ಅದು ಸುಲಭವಾಗಿ ಅರ್ಥವಾಗುವುದಿಲ್ಲ. ಊರಿನಲ್ಲಿ ನಿಮ್ಮ ಅಮ್ಮ ಕೀರ್ತನೆ 51 ಓದಿ ಕಣ್ಣೀರು ಹಾಕುತ್ತಾರೆ. ನೀವು ಅದೇ ಕೀರ್ತನೆ ತೆರೆದರೆ ಅದು ಯಾವ ಕಾಲದ್ದು, ಶೀರ್ಷಿಕೆ ಆಮೇಲೆ ಸೇರಿಸಿದ್ದಾ, ಕೊನೆಯ ಎರಡು ವಚನ ಬೇರೆ ಕೈಯವಾ, ಇದನ್ನು ಎರಡನೇ ಅಧ್ಯಾಯಕ್ಕೆ ಹಾಕಲಾ ಮೂರನೆಯದಕ್ಕೆ ಹಾಕಲಾ ಅಂತ ತಲೆ ಓಡುತ್ತದೆ. ಇದು ತಪ್ಪಲ್ಲ, ಆ ಓದು ಸಭೆಗೆ ಬೇಕು. ಆದರೆ ವರ್ಷಗಟ್ಟಲೆ ಹೀಗೇ ಓದುತ್ತಾ ಹೋದರೆ ವಾಕ್ಯ ನಿಮ್ಮ ಕೈಯಲ್ಲಿರುವ ಸಾಮಗ್ರಿ ಆಗಿಬಿಡುತ್ತದೆ. ಅದು ನಿಮ್ಮನ್ನು ಮುಟ್ಟುವುದನ್ನು ನಿಲ್ಲಿಸುತ್ತದೆ.

ಈಗ ಒಂದು ಪೆನ್ಸಿಲ್ ತೆಗೆದುಕೊಳ್ಳಿ. ಸೈನಿಕರು ಹಿಡಿದ ಕುರೇನ್ಯದ ಸೀಮೋನ ಯೇಸುವಿನ ಶಿಲುಬೆ ಹೊರುವುದನ್ನು ಬರೆಯಲು ಕೂತುಕೊಳ್ಳಿ. ತಕ್ಷಣ ಪ್ರಶ್ನೆಗಳು ಏಳುತ್ತವೆ. ಯೇಸು ಮುಂದೆ ಇದ್ದಾನಾ, ಹಿಂದೆ ಇದ್ದಾನಾ? ಮೂರು ಸುವಾರ್ತೆಗಳಲ್ಲಿ ಸೀಮೋನ ಇದ್ದಾನೆ, ಯೋಹಾನನಲ್ಲಿ ಯೇಸು ತಾನೇ ಹೊರುತ್ತಾನೆ, ನಾನು ಯಾವುದನ್ನು ಬರೆಯಲಿ? ಮಾರ್ಕನು ಈತ ಅಲೆಕ್ಸಾಂದ್ರ ಮತ್ತು ರೂಫನ ತಂದೆ ಅನ್ನುತ್ತಾನೆ, ಹಾಗಾದರೆ ಆ ಹುಡುಗರು ಅಪ್ಪನನ್ನು ಹಿಡಿದು ಎಳೆಯುವುದನ್ನು ನಿಂತು ನೋಡುತ್ತಿದ್ದರಾ? ಮುಖದಲ್ಲಿ ಸಿಟ್ಟಾ, ಹೆದರಿಕೆಯಾ? ಇವೆಲ್ಲ ವ್ಯಾಖ್ಯಾನದ ಪ್ರಶ್ನೆಗಳೇ, ಆದರೆ ಈಗ ನೀವು ಅಡಿಟಿಪ್ಪಣಿ ಹಾಕಿ ತಪ್ಪಿಸಿಕೊಳ್ಳುವ ಹಾಗಿಲ್ಲ, ಗೆರೆ ಎಳೆಯಲೇಬೇಕು. ಎಳೆಯಬೇಕೆಂದರೆ ನೋಡಬೇಕು. ಅಷ್ಟು ಹೊತ್ತು ಒಬ್ಬ ಮನುಷ್ಯನ ನೋವನ್ನು ಕಣ್ಣು ತಪ್ಪಿಸದೆ ನೋಡುವುದೇ ನನ್ನ ಪ್ರಕಾರ ತಪಸ್ಕಾಲದ ಕೆಲಸ.

ಟೈಮ್ ವಿಷಯಕ್ಕೆ ಬಂದರೆ, ದಿನಕ್ಕೆ ಕಾಲು ಗಂಟೆ ಸಾಕು. ಅದೂ ಆಗದಿದ್ದರೆ ವಾರಕ್ಕೊಮ್ಮೆ. ಗೈಡ್ ಕೊಟ್ಟ ಗಡುವು ಮುರಿದು ಇದನ್ನು ಮಾಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ನನಗೆ ಕಲೆ ಬರುವುದೇ ಇಲ್ಲ. ನಾನೂ ಸೇರಬಹುದಾ?

ಬನ್ನಿ. ಇಲ್ಲಿ ಬಹುಮಾನ ಇಲ್ಲ, ಪ್ರದರ್ಶನವೂ ಕಡ್ಡಾಯ ಅಲ್ಲ. ಹಾಡು ಬರುವವರು ಹಾಡಲಿ. ಹೊಲಿಗೆ ಬರುವವರು ಹೊಲಿಯಲಿ. ಏನೂ ಬರುವುದಿಲ್ಲ ಅನ್ನುವವರು ಒಂದು ಸುವಾರ್ತೆಯನ್ನು ನಿಧಾನವಾಗಿ ಕೈಬರಹದಲ್ಲಿ ನಕಲು ಮಾಡಲಿ. ಮಾರ್ಕನದು 16 ಅಧ್ಯಾಯ, ಆರಾಮಾಗಿ ಮುಗಿಯುತ್ತದೆ. ಟೈಪ್ ಮಾಡಿ ಅಭ್ಯಾಸವಾದ ಬೆರಳುಗಳಿಗೆ ಒಂದೊಂದು ಒತ್ತಕ್ಷರ ಬರೆಯುವಾಗಲೂ ನಿಲ್ಲಬೇಕಾಗುತ್ತದೆ, ಆ ನಿಲ್ಲುವಿಕೆಯೇ ನಮಗೆ ಬೇಕಾದದ್ದು.

ಬೈಬಲಿನಲ್ಲಿ ಇದಕ್ಕೆಲ್ಲ ಆಧಾರ ಇದೆಯಾ?

ಇದೆ, ಬೇಕಾದಷ್ಟು. ವಿಮೋಚನಕಾಂಡ 31ರಲ್ಲಿ ದೇವರು ಬೆಚಲೇಲನನ್ನು ಹೆಸರು ಹಿಡಿದು ಕರೆದು ತನ್ನ ಆತ್ಮದಿಂದ ತುಂಬಿಸುತ್ತಾನೆ. ಯಾವುದಕ್ಕೆ? ಚಿನ್ನ, ಬೆಳ್ಳಿ, ತಾಮ್ರದ ಕೆಲಸಕ್ಕೆ, ರತ್ನ ಕೆತ್ತುವುದಕ್ಕೆ, ಮರಗೆಲಸಕ್ಕೆ. ಪ್ರವಾದನೆಗೂ ಅಲ್ಲ, ಯುದ್ಧಕ್ಕೂ ಅಲ್ಲ. ಪ್ರಸಂಗ ಮಾಡುವವರಿಗೆ ಮಾತ್ರ ಆತ್ಮದ ವರ ಇದೆ ಅಂದುಕೊಂಡಿರುವ ನಮ್ಮ ಕಾಲೇಜುಗಳಲ್ಲಿ ಈ ಅಧ್ಯಾಯವನ್ನು ಜಾಸ್ತಿ ಓದಬೇಕು ಅನ್ನುವುದು ನನ್ನ ಆಸೆ.

ಅದಕ್ಕಿಂತ ಲೆಂಟ್‌ಗೆ ಹತ್ತಿರದ್ದು ಪ್ರಲಾಪಗಳು ಎಂಬ ಪುಸ್ತಕ. ಯೆರೂಸಲೇಮ್ ಹಾಳಾಗಿದೆ, ಬೀದಿಯಲ್ಲಿ ಮಕ್ಕಳು ಹಸಿವಿನಿಂದ ಬೀಳುತ್ತಿದ್ದಾರೆ, ಅಂಥ ಹೊತ್ತಿನಲ್ಲಿ ಬರೆದ ಕವಿತೆಗಳು. ಆದರೂ ಅವು ಸುಮ್ನೆ ಕಿರುಚಿದ ಹಾಗಿಲ್ಲ. ಇಬ್ರಿಯ ಭಾಷೆಯಲ್ಲಿ 22 ಅಕ್ಷರ. 1, 2, 4ನೇ ಅಧ್ಯಾಯಗಳಲ್ಲಿ 22 ವಚನ, ಒಂದೊಂದೂ ವರ್ಣಮಾಲೆಯ ಒಂದೊಂದು ಅಕ್ಷರದಿಂದ ಶುರು. ನಡುವಿನ 3ನೇ ಅಧ್ಯಾಯದಲ್ಲಿ ಒಂದೊಂದು ಅಕ್ಷರಕ್ಕೂ ಮೂರು ಮೂರು ವಚನ, ಒಟ್ಟು 66. ಕೊನೆಯ ಅಧ್ಯಾಯಕ್ಕೆ ಬಂದಾಗ 22 ವಚನ ಇದೆ, ಆದರೆ ಅಕ್ಷರಗಳ ಕ್ರಮ ಇಲ್ಲ. ಅಷ್ಟು ಹೊತ್ತು ಕಟ್ಟಿ ಹಿಡಿದದ್ದು ಅಲ್ಲಿ ಕೈಬಿಟ್ಟು ಹೋಗುತ್ತದೆ. ದುಃಖವನ್ನು ಒಂದು ಕಟ್ಟಿನೊಳಗೆ ಹಿಡಿಯುವುದು ಹೇಗೆ, ಯಾವಾಗ ಅದು ಹಿಡಿತಕ್ಕೆ ಸಿಗುವುದಿಲ್ಲ, ಎರಡನ್ನೂ ಆ ಕವಿ ತೋರಿಸಿಕೊಟ್ಟಿದ್ದಾನೆ.

ನೀವೂ ಮಾಡಿ ನೋಡಿ. ಅ, ಆ, ಇ, ಈ ಅಂತ ಹಿಡಿದು ಅಕ್ಷರಕ್ಕೊಂದು ಸಾಲು. ಏನು ಬರೆಯಲಿ ಅಂತ ತೋಚದವರಿಗೂ ಮುಂದಿನ ಅಕ್ಷರ ಕೈ ಹಿಡಿದು ನಡೆಸುತ್ತದೆ.

ಚಾಪೆಲ್‌ನಲ್ಲಿ ಚಿತ್ರ ಇಟ್ಟರೆ ವಿಗ್ರಹಾರಾಧನೆ ಆಗುವುದಿಲ್ವಾ?

ಹಳೆಯ ಜಗಳ ಇದು. 787ರಲ್ಲಿ ಬಿಷಪ್ಪರು ಸೇರಿದ ಎರಡನೇ ನೈಸೀಯ ಸಭೆ ಚಿತ್ರಗಳನ್ನು ಗೌರವಿಸಬಹುದು, ಆರಾಧನೆ ಮಾತ್ರ ದೇವರಿಗೆ ಎಂದು ತೀರ್ಮಾನಿಸಿತು. 1520ರ ದಶಕದಲ್ಲಿ ಜ್ಯೂರಿಕ್‌ನಲ್ಲಿ ಚರ್ಚುಗಳಿಂದ ಚಿತ್ರ, ಪ್ರತಿಮೆ ಎಲ್ಲ ಹೊರಗೆ ಹೋದವು. ಜರ್ಮನಿಯ ಸುಧಾರಕ ಲೂಥರ್ ಹಾಗೆ ಮಾಡಲಿಲ್ಲ. ವಿಟೆನ್‌ಬರ್ಗ್‌ನಲ್ಲಿ ಜನ ಚಿತ್ರಗಳನ್ನು ಕಿತ್ತೆಸೆಯತೊಡಗಿದಾಗ ಅವರು ಅಡಗಿದ್ದ ಕೋಟೆಯಿಂದ ವಾಪಸ್ ಬಂದು, 1522ರ ಲೆಂಟ್‌ನ ಮೊದಲ ಭಾನುವಾರ ಶುರು ಮಾಡಿ 8 ಪ್ರಸಂಗ ಕೊಟ್ಟರು. ಬಲವಂತವಾಗಿ ಏನನ್ನೂ ಮಾಡಬೇಡಿ, ಹೃದಯ ಬದಲಾಗದೆ ಗೋಡೆ ಖಾಲಿ ಮಾಡಿ ಪ್ರಯೋಜನ ಇಲ್ಲ ಅನ್ನುವುದು ಅವರ ಮಾತಿನ ತಿರುಳು.

ನಮ್ಮ ಕ್ಯಾಂಪಸ್ಸುಗಳಲ್ಲಿ ಸಿಎಸ್ಐ, ಮೆಥಡಿಸ್ಟ್, ಬ್ಯಾಪ್ಟಿಸ್ಟ್, ಮಾರ್ ತೋಮ, ಪೆಂತೆಕೋಸ್ತ್ ಎಲ್ಲರೂ ಒಟ್ಟಿಗೆ ಇದ್ದಾರೆ. ಯಾರಿಗಾದರೂ ಆರಾಧನೆಯ ಜಾಗದಲ್ಲಿ ಚಿತ್ರ ಕಂಡರೆ ಮನಸ್ಸಾಕ್ಷಿ ಚುಚ್ಚುತ್ತದೆ ಅಂದರೆ ಪಕ್ಕದ ಕೋಣೆಯಲ್ಲೋ ಕಾರಿಡಾರಿನಲ್ಲೋ ಇಡಿ. ಇದನ್ನು ಸೋಲು ಅಂತ ತಿಳಿಯಬೇಡಿ. ಅವರ ಎದುರಿಗೇ ನೇತುಹಾಕಿ ಗೆಲ್ಲುವುದರಲ್ಲಿ ಲೆಂಟ್‌ನ ಲಕ್ಷಣ ಏನೂ ಇಲ್ಲ, ಅಲ್ವಾ?

ಚಿತ್ರಕ್ಕೂ ಲೆಂಟ್‌ಗೂ ಹಳೆಯ ನಂಟು ಏನಾದರೂ ಇದೆಯಾ?

ಚೆನ್ನಾಗಿಯೇ ಇದೆ, ಅದರ ಒಂದು ಎಳೆ ಬೆಂಗಳೂರಿಗೂ ಬಂದಿದೆ. ಮಧ್ಯಯುಗದ ಯುರೋಪಿನಲ್ಲಿ ಲೆಂಟ್ ಶುರುವಾದಾಗ ಬಲಿಪೀಠದ ಮುಂದೆ ದೊಡ್ಡ ಬಟ್ಟೆ ಇಳಿಬಿಡುತ್ತಿದ್ದರು. ಹೊಟ್ಟೆಗೆ ಉಪವಾಸ ಇದ್ದ ಹಾಗೆ ಕಣ್ಣಿಗೂ ಉಪವಾಸ. ಬರಬರುತ್ತಾ ಆ ಬಟ್ಟೆಯ ಮೇಲೇ ಬೈಬಲಿನ ಕಥೆಗಳು ಮೂಡಿದವು. ಆಸ್ಟ್ರಿಯಾದ ಗುರ್ಕ್‌ನಲ್ಲಿ 1458ರ ಪರದೆ ಇದೆ, ಅದರಲ್ಲಿ 99 ಚಿತ್ರ. ಜರ್ಮನಿಯ ಜಿಟ್ಟಾವ್‌ನ 1472ರ ಪರದೆಯಲ್ಲಿ 90. ಓದಲು ಬಾರದ ಜನ ಇಡೀ ಲೆಂಟ್ ಅದನ್ನೇ ನೋಡುತ್ತಾ ಕೂರುತ್ತಿದ್ದರು.

ಕಾಲ ಕಳೆದಂತೆ ಪದ್ಧತಿ ಬಹುಪಾಲು ಬಿಟ್ಟುಹೋಯಿತು. 1976ರಲ್ಲಿ ಜರ್ಮನಿಯ ಕಥೋಲಿಕ ನೆರವು ಸಂಸ್ಥೆ ಮಿಸೆರಿಯೊರ್ ಅದಕ್ಕೆ ಮತ್ತೆ ಜೀವ ಕೊಟ್ಟಿತು. ಆ ಹೊಸ ಸಾಲಿನ ಮೊದಲ ಪರದೆ ಬರೆದವರು ಜ್ಯೋತಿ ಸಾಹಿ. ಬೆಂಗಳೂರಿನ ಉತ್ತರಕ್ಕಿರುವ ಸಿಲ್ವೇಪುರದಲ್ಲಿ ನೆಲೆಸಿ ಆರ್ಟ್ ಆಶ್ರಮ ಕಟ್ಟಿದ ಕಲಾವಿದ. ಹಸಿದವರ ನಾಡಿನಿಂದ ಹೋದ ಚಿತ್ರವನ್ನು ಹೊಟ್ಟೆ ತುಂಬಿದ ನಾಡಿನ ಚರ್ಚುಗಳು ಲೆಂಟ್ ಪೂರ್ತಿ ಎದುರಿಗಿಟ್ಟುಕೊಂಡು ಕೂತವು. ನಮ್ಮ ವಿದ್ಯಾರ್ಥಿಗಳಿಗೆ ಜ್ವಿಂಗ್ಲಿ ಗೊತ್ತು, ಪಕ್ಕದ ಸಿಲ್ವೇಪುರ ಗೊತ್ತಿಲ್ಲ. ನನಗೆ ಇದು ನಿಜಕ್ಕೂ ಬೇಸರದ ವಿಷಯ.

ಕನ್ನಡದಲ್ಲಿ ಏನಿದೆ? ಎಲ್ಲ ಇಂಗ್ಲಿಷಿನಲ್ಲೇ ಸಿಗುತ್ತದೆ.

ಹುಡುಕಿದರೆ ಸಿಗುತ್ತದೆ. ನಿಘಂಟಿನ ಕಿಟ್ಟೆಲ್ ಎಲ್ಲರಿಗೂ ಗೊತ್ತು. ಆ ನಿಘಂಟು 1894ರಲ್ಲಿ ಬರುವುದಕ್ಕೂ ಎಷ್ಟೋ ಮೊದಲು, 1862ರಲ್ಲೇ, ಅವರು ಯೇಸುವಿನ ಕಥೆಯನ್ನು ಇಲ್ಲಿನ ಛಂದಸ್ಸಿನಲ್ಲಿ ಹಾಡುವಂತೆ 'ಕಥಾಮಾಲೆ' ಎಂದು ಬರೆದರು. ಜರ್ಮನಿಯಿಂದ ಬಂದವರು ನಮ್ಮ ಹಾಡಿನ ಧಾಟಿಗೆ ಕಿವಿಗೊಟ್ಟರು, ನಾವು ಮಾತ್ರ ಈಗಲೂ ಗಿಟಾರಿನಲ್ಲಿ ಇಂಗ್ಲಿಷ್ ಕೋರಸ್ಸಿಗೆ ಕನ್ನಡ ಮಾತು ತುರುಕುತ್ತೇವೆ. ಮಂಜೇಶ್ವರದ ಗೋವಿಂದ ಪೈಗಳು ಕ್ರೈಸ್ತರಲ್ಲ, ಆದರೂ ಯೇಸುವಿನ ಕೊನೆಯ ದಿನವನ್ನು 'ಗೊಲ್ಗೊಥಾ' ಎಂಬ ಖಂಡಕಾವ್ಯವಾಗಿ ಬರೆದರು. ಶುಭ ಶುಕ್ರವಾರ ಅದನ್ನು ಗಟ್ಟಿಯಾಗಿ ಓದಿ. ಹಳೆಯ ಪದಗಳು ಅಡ್ಡ ಬರುತ್ತವೆ, ಒಬ್ಬರು ಮೊದಲೇ ತಯಾರಾಗಿ ಬಂದರೆ ಕೇಳುವವರಿಗೆ ಸುಲಭ.

ಕನಕಪುರ ಕಡೆಯ ಹಾರೋಬೆಲೆಯಲ್ಲಿ ಊರಿನವರೇ ಕ್ರಿಸ್ತನ ಪಾಡುಗಳ ನಾಟಕ ಆಡುತ್ತಾರೆ. ಡಿಗ್ರಿ ಇಲ್ಲದ ರೈತರು ಈ ಕಥೆಯನ್ನು ಮೈಮೇಲೆ ಹಾಕಿಕೊಳ್ಳುವ ರೀತಿ ನೋಡಿದರೆ ಸೆಮಿನಾರಿನಲ್ಲಿ ಸಿಗದ ಪಾಠ ಸಿಗುತ್ತದೆ.

ಉಪವಾಸ ಅಂದರೆ ಬಿಡುವುದು. ಹಾಡು, ಚಿತ್ರ ಇವನ್ನೂ ಬಿಡಬೇಕಲ್ವಾ?

ಕೆಲವರು ಬಿಡಬೇಕು. ನೀವು ಪ್ರತಿ ವಾರ ಆರಾಧನೆಯಲ್ಲಿ ಕೀಬೋರ್ಡ್ ನುಡಿಸುವವರು, ಎಲ್ಲರೂ ಹೊಗಳುವವರು ಆಗಿದ್ದರೆ ಈ 40 ದಿನ ವಾದ್ಯ ಇಲ್ಲದೆ ಬರೀ ಬಾಯಲ್ಲಿ ಹಾಡಿ ನೋಡಿ. ಜರ್ಮನ್ ಸಂಗೀತಗಾರ ಬಾಖ್ ಕಾಲದ ಲೈಪ್‌ಜಿಗ್‌ನಲ್ಲಿ ಲೆಂಟ್‌ನ ಬಹುಪಾಲು ಭಾನುವಾರಗಳಲ್ಲಿ ವಾದ್ಯಮೇಳದ ಜತೆ ಹಾಡುವ ಕ್ಯಾಂಟಾಟಾ ಇರಲಿಲ್ಲ. ವಾರಗಟ್ಟಲೆ ಚರ್ಚು ಸುಮ್ಮನಿದ್ದು, ಆಮೇಲೆ ಶುಭ ಶುಕ್ರವಾರ ಸಂಜೆ ಕ್ರಿಸ್ತನ ಪಾಡುಗಳನ್ನು ಹಾಡುವ ಅವರ ಪ್ಯಾಶನ್ ಸಂಗೀತ. ಆ ಮೌನದ ವಾರಗಳು ಬಾಖ್‌ಗೆ ಅಷ್ಟು ದೊಡ್ಡ ಕೆಲಸ ಸಿದ್ಧ ಮಾಡಲು ಸಮಯವನ್ನೂ ಕೊಟ್ಟಿರಬೇಕು.

ಮೆಸ್ ಊಟದ ವಿಷಯದಲ್ಲಿ ಪ್ರತಿ ವರ್ಷ ಮನಸ್ತಾಪ. ಏನು ಮಾಡೋದು?

ಸುರಿಯಾನಿ ಸಂಪ್ರದಾಯದವರು ಮೀನು, ಮಾಂಸ ಬಿಡುತ್ತಾರೆ, ಕಟ್ಟುನಿಟ್ಟಿನವರು ಹಾಲು ಮೊಟ್ಟೆಯನ್ನೂ. ಕಥೋಲಿಕರಿಗೆ ಬೂದಿ ಬುಧವಾರ, ಶುಭ ಶುಕ್ರವಾರ ಉಪವಾಸ, ಶುಕ್ರವಾರಗಳಲ್ಲಿ ಮಾಂಸ ಇಲ್ಲ. ಕೆಲವರಿಗೆ ಯಾವ ನಿಯಮವೂ ಇಲ್ಲ. ಮೊದಲೇ ಮೆಸ್ ಕಮಿಟಿಗೆ ಲೆಕ್ಕ ಕೊಟ್ಟರೆ ಅರ್ಧ ಸಮಸ್ಯೆ ಮುಗಿಯುತ್ತದೆ. ಇನ್ನೊಂದು ಮಾತು. ಯೆಶಾಯ 58ರಲ್ಲಿ ದೇವರು ಉಪವಾಸ ಮಾಡುವವರನ್ನು ತರಾಟೆಗೆ ತೆಗೆದುಕೊಳ್ಳುವುದು ಅವರು ಅದೇ ದಿನ ಕೆಲಸದವರನ್ನು ದಬಾಯಿಸುತ್ತಾರೆ ಅಂತ. ಬೇರೆ ಬೇರೆ ಅಡುಗೆ ಮಾಡುತ್ತಾ ಬೆಳಗಿನಿಂದ ನಿಂತಿರುವ ಅಡುಗೆಯವರಿಗೆ ನಮ್ಮ ಉಪವಾಸ ಹೊರೆ ಆಗಬಾರದು. ಪಾತ್ರೆ ತೊಳೆಯುವುದಕ್ಕೆ ಸರದಿ ಹಾಕಿಕೊಳ್ಳಿ. ಉಪವಾಸದಿಂದ ಉಳಿದ ದುಡ್ಡು ಎಲ್ಲಿಗೆ ಹೋಗಬೇಕು ಅನ್ನುವುದನ್ನೂ ಮೊದಲ ವಾರವೇ ತೀರ್ಮಾನಿಸಿ.

ಓದುತ್ತಾ ಓದುತ್ತಾ ನನ್ನ ನಂಬಿಕೆಯೇ ಸಡಿಲವಾಗಿದೆ. ಸುಳ್ಳು ಸುಳ್ಳೇ ಭಕ್ತಿಗೀತೆ ಬರೆಯಲು ಮನಸ್ಸಿಲ್ಲ.

ಬರೆಯಬೇಡಿ. ನಿಮ್ಮ ಹತ್ತಿರ ಈಗ ಏನಿದೆಯೋ ಅದನ್ನೇ ಬರೆಯಿರಿ. ಕೀರ್ತನೆ 88 ತೆರೆಯಿರಿ. ಬೇರೆ ಗೋಳಿನ ಕೀರ್ತನೆಗಳು ಬಹುಪಾಲು ಕೊನೆಗಾದರೂ ಸ್ತುತಿಯ ಕಡೆ ತಿರುಗುತ್ತವೆ, ಇದು ತಿರುಗುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಹಾಗಿದ್ದರೂ ಅದನ್ನು ಯಾರೂ ಪುಸ್ತಕದಿಂದ ತೆಗೆಯಲಿಲ್ಲ, ತಿದ್ದಿ ಸಿಹಿ ಮಾಡಲೂ ಇಲ್ಲ. ಶಿಲುಬೆಯ ಮೇಲೆ ಯೇಸು ಕೂಗಿದ್ದೂ ಒಂದು ಕೀರ್ತನೆಯ ಸಾಲೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ ಅಂತ.

ಊರಿನ ಸಭೆ ನಿಮ್ಮನ್ನು ಅಯ್ಯನವರಾಗಲಿ ಅಂತ ಕಳಿಸಿದೆ, ಮನೆಯವರು ಫೋನಿನಲ್ಲಿ ನಮಗಾಗಿ ಪ್ರಾರ್ಥನೆ ಮಾಡು ಅನ್ನುತ್ತಾರೆ, ನಿಮಗೆ ಬಾಯಿ ತೆರೆಯಲು ಆಗುತ್ತಿಲ್ಲ. ಈ ಸ್ಥಿತಿಯಲ್ಲಿರುವವರು ನೀವೊಬ್ಬರೇ ಅಲ್ಲ, ನಿಮ್ಮ ಹಾಸ್ಟೆಲಿನ ಅದೇ ಸಾಲಿನಲ್ಲಿ ಇನ್ನೊಬ್ಬರಾದರೂ ಇರುತ್ತಾರೆ. ಗದ್ಯದಲ್ಲಿ ಹೇಳಲಾಗದ್ದನ್ನು ಕೆಲವೊಮ್ಮೆ ನಾಲ್ಕು ಸಾಲಿನ ಕವಿತೆಯಲ್ಲಿ ಹೇಳಬಹುದು, ಯಾಕೆಂದರೆ ಅಲ್ಲಿ ಯಾರೂ ನಿಮ್ಮಿಂದ ತೀರ್ಮಾನ ಕೇಳುವುದಿಲ್ಲ. ಆದರೆ ನಿದ್ದೆ, ಊಟ ಎರಡೂ ಕೆಟ್ಟಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ ಕವಿತೆಗೆ ಕಾಯಬೇಡಿ. ಈವತ್ತೇ ನಂಬಿಕೆಯ ಒಬ್ಬರಿಗೆ ಹೇಳಿ, ಡಾಕ್ಟರ ಹತ್ತಿರ ಹೋಗಿ. ಅದಕ್ಕೂ ಭಕ್ತಿಗೂ ವಿರೋಧ ಇಲ್ಲ.

ಬರೆದದ್ದನ್ನು ಎಲ್ಲರ ಮುಂದೆ ಓದಬೇಕಾ? ಇನ್‌ಸ್ಟಾಗ್ರಾಮ್‌ಗೆ ಹಾಕಬಹುದಾ?

ಓದುವುದು ನಿಮ್ಮಿಷ್ಟ. ಇನ್‌ಸ್ಟಾಗ್ರಾಮ್ ಈಸ್ಟರ್ ತನಕ ಬೇಡ ಅನ್ನುವುದು ನನ್ನ ಸಲಹೆ. ಬೂದಿ ಬುಧವಾರ ಓದುವ ಮತ್ತಾಯ 6 ಹೇಳುವುದು ಇದನ್ನೇ, ಉಪವಾಸ ಮಾಡುವಾಗ ಜನ ನೋಡಲಿ ಅಂತ ಮಾಡಬೇಡಿ. ಲೈಕ್ ಎಷ್ಟು ಬಂತು ಅಂತ ನೋಡುವ ಕಣ್ಣು ಚಿತ್ರದಿಂದ ಬೇಗ ಜಾರುತ್ತದೆ.

ಬೇರೆಯವರು ಓದುವಾಗ ನಾವು ಹೇಗೆ ಕೇಳಬೇಕು?

ಇದನ್ನು ಕಲಿಯಲೇಬೇಕು, ಯಾಕೆಂದರೆ ಸೆಮಿನಾರ್ ಅಭ್ಯಾಸ ನಮ್ಮನ್ನು ಕೆಡಿಸಿದೆ. ಒಬ್ಬಳು ತೀರಿಹೋದ ತಂಗಿಯ ಬಗ್ಗೆ ಕವಿತೆ ಓದಿದರೆ, ಮೂರನೇ ಸಾಲಿನಲ್ಲಿ ಪುನರುತ್ಥಾನದ ತತ್ವ ಸ್ಪಷ್ಟವಾಗಿಲ್ಲ ಅನ್ನುವವರು ನಮ್ಮಲ್ಲಿದ್ದಾರೆ. ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರು ಬಂದು 7 ದಿನ ಅವನ ಜತೆ ನೆಲದ ಮೇಲೆ ಸುಮ್ಮನೆ ಕೂತರು. ಅಲ್ಲಿಯ ತನಕ ಅವರು ಮಾಡಿದ್ದೆಲ್ಲ ಸರಿಯೇ. ಬಾಯಿ ಬಿಟ್ಟ ಮೇಲೆ ಹಾಳಾಯಿತು. ಅದಕ್ಕೆ, ಓದಿ ಮುಗಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಬೇಡಿ. ಆಮೇಲೆ ಮನಸ್ಸಿನಲ್ಲಿ ನಿಂತ ಒಂದು ಸಾಲನ್ನು ವಾಪಸ್ ಹೇಳಿ. ವಿಮರ್ಶೆ ಬೇಕು ಅಂತ ಅವರೇ ಕೇಳಿದರೆ ಮಾತ್ರ ಕೊಡಿ.

ಎಐ ಹತ್ತಿರ ಬರೆಸಬಹುದಾ?

ಬೇಡ. ಚೆನ್ನಾಗಿ ಬರುವುದಿಲ್ಲ ಅಂತಲ್ಲ. ಆ ವಾಕ್ಯದ ಜತೆ ಕೂರಬೇಕಾದವರು ನೀವು.

ಮಕ್ಕಳನ್ನು ಸೇರಿಸಿಕೊಳ್ಳಬಹುದಾ?

ಖಂಡಿತ. ಫ್ಯಾಮಿಲಿ ಕ್ವಾರ್ಟರ್ಸ್‌ನ ಮಕ್ಕಳಿಗೆ ಶಿಲುಬೆ ಹಾದಿಯ (ಯೇಸುವಿನ ಕೊನೆಯ ನಡಿಗೆಯ) 14 ಸ್ಥಳಗಳಲ್ಲಿ ಒಂದೊಂದು ಹಂಚಿ, ಬರೆಯಲು ಬಿಡಿ. ರಕ್ತ, ಮೊಳೆ ಇರುವ ಭಾಗಗಳನ್ನು ತೀರಾ ಚಿಕ್ಕವರಿಗೆ ಕೊಡಬೇಡಿ. ಅವರು ಬರೆದ ಮೇಲೆ ಮುಖ ತಿದ್ದಲು ಹೋಗಬೇಡಿ.

ಅರ್ಧ ಲೆಂಟ್ ಮುಗಿದೇ ಹೋಯಿತು. ಈಗ ಶುರು ಮಾಡಿದರೆ ಅರ್ಥ ಇದೆಯಾ?

ಇದೆ. ಯೇಸು ಹೇಳಿದ ಕಥೆಯಲ್ಲಿ ದ್ರಾಕ್ಷಾತೋಟಕ್ಕೆ ಸಂಜೆ ಐದು ಗಂಟೆಗೆ ಬಂದವರಿಗೂ ಪೂರ್ತಿ ಕೂಲಿ ಸಿಕ್ಕಿತು. ಬಿಟ್ಟುಹೋದ ದಿನಗಳನ್ನು ತುಂಬಿಸಲು ಹೋಗಬೇಡಿ, ಗರಿಗಳ ಭಾನುವಾರದಿಂದ ಶನಿವಾರದ ತನಕ ಒಂದು ವಾರ ಹಿಡಿಯಿರಿ. ಗುರುವಾರಕ್ಕೆ ಯೋಹಾನ 13 ಇದೆ, ಯೇಸುವಿನಿಂದ ಕಾಲು ತೊಳೆಸಿಕೊಳ್ಳುವ ಪೇತ್ರನ ಮುಜುಗರ ಬರೆಯಲು ಒಳ್ಳೆಯ ವಿಷಯ. ಶನಿವಾರ ಸುವಾರ್ತೆಗಳಲ್ಲಿ ಹೆಚ್ಚೇನೂ ನಡೆಯುವುದಿಲ್ಲ, ಹೆಂಗಸರು ಸಬ್ಬತ್ತಿನ ವಿಶ್ರಾಂತಿಯಲ್ಲಿದ್ದಾರೆ ಎಂದು ಲೂಕ ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗುತ್ತಾನೆ. ಥೀಸಿಸ್ ಅರ್ಧಕ್ಕೆ ನಿಂತಿರುವವರು ಆ ದಿನವನ್ನು ಆರಿಸಿಕೊಳ್ಳಿ. ನೋಟ್‌ಬುಕ್, ಪೆನ್ಸಿಲ್ ಇದ್ದರೆ ಸಾಕು, ಬಣ್ಣ ಬೇಕಾದವರು ಪಕ್ಕದ ಮನೆಯ ಮಕ್ಕಳ ಹತ್ತಿರ ಕ್ರೇಯಾನ್ ಕೇಳಿ.